ಜೆಂಟೂನಲ್ಲಿ ಡಾಕರ್: ಎಮರ್ಜ್ ಮುಗಿಯಿತು, ಆದರೂ ಶುರುವಾಗುತ್ತಿಲ್ಲ

ಬೆಲ್ಲದ ಮಂಡಿ, ಮಂಡ್ಯ · ಸೋಮವಾರ ರಾತ್ರಿ 10:20

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಒಂದೇ ಕಡೆ ಸಿಕ್ಕಿಕೊಂಡಿದ್ದೇನೆ. ಗೊತ್ತಿದ್ದವರು ದಾರಿ ತೋರಿಸಿ.

ನಮ್ಮದು ಮಂಡ್ಯದಲ್ಲಿ ಬೆಲ್ಲದ ವ್ಯಾಪಾರ. ರೈತರು ಆಲೆಮನೆಯಿಂದ ಬೆಲ್ಲ ತಂದು ಹಾಕುತ್ತಾರೆ. ತೂಕ, ದರ, ಹಮಾಲಿ ಎಲ್ಲ ಲೆಕ್ಕ ಹಾಕಿ ಅವತ್ತೇ ಅವರ ಕೈಗೆ ಪಟ್ಟಿ ಕೊಡಬೇಕು. ಇದಕ್ಕೆ ಅಪ್ಪ ಬಹಳ ಹಿಂದೆ ಬರೆಸಿದ ಒಂದು ಪಿಎಚ್‌ಪಿ ಪ್ರೋಗ್ರಾಂ ಇದೆ. 7.4ರ ತನಕ ಚೆನ್ನಾಗಿ ಓಡುತ್ತದೆ, 8ಕ್ಕೆ ಹಾಕಿದರೆ ಪಟ್ಟಿಯ ಪುಟವೇ ತೆರೆಯುವುದಿಲ್ಲ. ಬರೆದುಕೊಟ್ಟವರು ಈಗ ಸಂಪರ್ಕದಲ್ಲಿಲ್ಲ. ಅದಕ್ಕೇ ಹಳೇ ಪಿಎಚ್‌ಪಿಯನ್ನು ಕಂಟೈನರ್ (ಪ್ರೋಗ್ರಾಂಗೆ ಬೇಕಾದದ್ದನ್ನೆಲ್ಲ ಬೇರೆಯಾಗಿ ಇಡುವ ಡಬ್ಬಿ) ಒಳಗೆ ಇಟ್ಟು, ಹೊರಗಿನ ಸಿಸ್ಟಮ್ಮನ್ನು ಅದರ ಪಾಡಿಗೆ ಅಪ್‌ಡೇಟ್ ಮಾಡಿಕೊಂಡು ಹೋಗೋಣ ಅಂತ ಯೋಚನೆ.

ಯಂತ್ರ ಹಳೇ ಐ3, 4 ಜಿಬಿ ರ್‍ಯಾಮ್. ಜೆಂಟೂ (ಪ್ಯಾಕೇಜುಗಳನ್ನು ನಮ್ಮ ಯಂತ್ರದಲ್ಲೇ ಕಂಪೈಲ್ ಮಾಡಿಕೊಳ್ಳುವ ಲಿನಕ್ಸ್), ಸರ್ವಿಸ್ ನಡೆಸೋಕೆ ಓಪನ್‌ಆರ್‌ಸಿ. ಸಿಸ್ಟಮ್ಮಿನ ತಿರುಳಾದ ಕರ್ನಲ್ ನಾನೇ ಕಂಪೈಲ್ ಮಾಡಿದ್ದು, ಬೇಕಾದದ್ದು ಮಾತ್ರ ಇಟ್ಟು ಉಳಿದದ್ದೆಲ್ಲ ತೆಗೆದಿದ್ದೆ.

ಕಂಟೈನರ್ ಓಡಿಸುವ ಡಾಕರನ್ನು ಎಮರ್ಜ್ ಮಾಡಿದೆ, ಅಂದರೆ ಜೆಂಟೂ ರೀತಿಯಲ್ಲಿ ಇನ್‌ಸ್ಟಾಲ್ ಮಾಡಿದೆ. ಮೊದಲು ಡಾಕರ್ ಬರೆದಿರುವ ಗೋ ಭಾಷೆಯೇ ಕಂಪೈಲ್ ಆಗಬೇಕಿತ್ತು, ಅದರ ಮಧ್ಯೆ ಎರಡು ಸಲ ಕರೆಂಟ್ ಹೋಯಿತು. ಕೊನೆಗೂ ಮುಗಿಯಿತು, ಎಲ್ಲೂ ಎರರ್ ಇಲ್ಲ. ಸರ್ವಿಸ್ ಶುರು ಮಾಡಿದರೆ ಶುರುವಾಯಿತು ಅನ್ನುತ್ತದೆ. ಎರಡು ಸೆಕೆಂಡ್ ಬಿಟ್ಟು ಸ್ಟೇಟಸ್ ಕೇಳಿದರೆ 'ಕ್ರ್ಯಾಶ್ಡ್'. ಡಾಕರ್ ಪಿಎಸ್ ಕೊಟ್ಟರೆ ಡೀಮನ್ (ಹಿಂದೆ ಕೂತು ಓಡುವ ಸರ್ವಿಸ್) ಸಿಗುತ್ತಿಲ್ಲ ಅನ್ನುತ್ತದೆ. ಇನ್‌ಸ್ಟಾಲ್ ಸರಿಯಾಗಿ ಆಗಿದ್ದರೆ ಯಾಕೆ ಹೀಗೆ?

ಒಂಟಿಕೊಪ್ಪಲ್, ಮೈಸೂರು · ರಾತ್ರಿ 10:41

ಅಂಗಡಿ ಕೆಲಸಕ್ಕೆ ಡೆಬಿಯನ್ ಲಿನಕ್ಸ್ ಹಾಕಿಬಿಡಿ ಸರ್. ಅಲ್ಲಿ ಕರ್ನಲ್ ಜೊತೆಗೇ ಎಲ್ಲ ಬಂದಿರುತ್ತದೆ, ಅರ್ಧ ಗಂಟೆ ಕೆಲಸ. ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ. ಬೆಳಿಗ್ಗೆ ರೈತರು ಬಂದು ನಿಂತಾಗ ಕಂಪೈಲ್ ಆಗ್ತಿದೆ ಅಂತ ಹೇಳೋಕ್ಕಾಗಲ್ಲ ಅಲ್ವಾ.

ಕುಕ್ಕರಹಳ್ಳಿ ಏರಿ, ಮೈಸೂರು · ರಾತ್ರಿ 11:05

ಒಂಟಿಕೊಪ್ಪಲ್ ಅವರ ಮಾತು ತಪ್ಪಲ್ಲ. ಆದರೆ ಇವರ ಹತ್ತಿರ ಓಡುತ್ತಿರುವ ಸಿಸ್ಟಮ್ ಇದೆ, ಕರ್ನಲ್ ಸ್ವಂತ ಕಟ್ಟಿಕೊಳ್ಳುವಷ್ಟು ಅಭ್ಯಾಸವೂ ಇದೆ. ಬಾಗಿಲ ತನಕ ಬಂದವರನ್ನು ವಾಪಸ್ ಕಳಿಸುವುದು ಬೇಡ. ಏನಾಗಿದೆ ಅಂತ ಮೊದಲು ನೋಡೋಣ.

ಬೆಲ್ಲದ ಮಂಡಿಯವರೇ, ಎರಡು ಫೈಲ್ ತೆಗೆದು ನೋಡಿ. ಒಂದು, /ವಾರ್/ಲಾಗ್ ಒಳಗಿನ ಡಾಕರ್ ಲಾಗ್. ಅದರ ಕೊನೆಯ ಇಪ್ಪತ್ತು ಸಾಲು ಸಾಕು. ಇನ್ನೊಂದು, /ವಾರ್/ಲಾಗ್/ಪೋರ್ಟೇಜ್/ಈಲಾಗ್ ಒಳಗಿನ ಸಮ್ಮರಿ ಲಾಗ್. ಎಮರ್ಜ್ ಓಡುವಾಗ ಹಳದಿ ಅಕ್ಷರದಲ್ಲಿ ಎಷ್ಟೋ ಎಚ್ಚರಿಕೆ ಓಡಿಹೋಗುತ್ತವೆ, ನಾವು ಅಷ್ಟೊತ್ತಿಗೆ ಕಾಫಿಗೆ ಎದ್ದು ಹೋಗಿರುತ್ತೇವೆ. ಎಮರ್ಜ್ ಹಿಂದಿರುವ ಪೋರ್ಟೇಜ್ ಅವನ್ನೆಲ್ಲ ಅಲ್ಲಿ ಬರೆದಿಟ್ಟಿರುತ್ತದೆ. ಡಾಕರ್ ಪ್ಯಾಕೇಜು ಕರ್ನಲ್‌ನಲ್ಲಿ ಏನೇನಿಲ್ಲ ಅಂತ ಹೇಳುತ್ತದೆ, ಆದರೆ ಅದಕ್ಕಾಗಿ ಕೆಲಸ ನಿಲ್ಲಿಸುವುದಿಲ್ಲ. ನಿಮಗೆ ಎರರ್ ಕಾಣದಿದ್ದದ್ದು ಅದಕ್ಕೇ ಇರಬೇಕು.

ಬೆಲ್ಲದ ಮಂಡಿ, ಮಂಡ್ಯ · ರಾತ್ರಿ 11:32

ಮೇಡಂ, ನೀವು ಹೇಳಿದ ಹಾಗೇ ಇದೆ. ಈಲಾಗ್‌ನಲ್ಲಿ ಸಾಲುಸಾಲಾಗಿ 'ಇರಬೇಕಿತ್ತು, ಇಲ್ಲ' ಅಂತ ಬಂದಿದೆ. ವೀತ್, ಬ್ರಿಡ್ಜ್, ಬ್ರಿಡ್ಜ್ ನೆಟ್‌ಫಿಲ್ಟರ್, ಮಾಸ್ಕರೇಡ್, ಅಡ್ರ್‌ಟೈಪ್, ಮೆಮ್‌ಸಿಜಿ, ಸಿಗ್ರೂಪ್ ಡಿವೈಸ್, ಓವರ್ಲೇ ಎಫ್ಎಸ್. ಇನ್ನೂ ನಾಲ್ಕೈದು ಇವೆ. ಡಾಕರ್ ಲಾಗ್‌ನ ಕೊನೆಯ ಸಾಲಲ್ಲಿ ನೆಟ್‌ವರ್ಕ್ ಕಂಟ್ರೋಲರ್ ಶುರು ಮಾಡಲು ಆಗಲಿಲ್ಲ ಅಂತಿದೆ, ಐಪಿಟೇಬಲ್ಸ್ (ಫೈರ್‌ವಾಲ್ ನಿಯಮ ಹಾಕುವ ಸಾಧನ) ಹೆಸರೂ ಇದೆ.

ಇದು ನನ್ನದೇ ತಪ್ಪು. ಕರ್ನಲ್ ಚಿಕ್ಕದಾಗಲಿ ಅಂತ ಗೊತ್ತಿಲ್ಲದ್ದನ್ನೆಲ್ಲ ತೆಗೆದುಹಾಕಿದ್ದೆ.

ಕುಕ್ಕರಹಳ್ಳಿ ಏರಿ, ಮೈಸೂರು · ಮಂಗಳವಾರ ಬೆಳಿಗ್ಗೆ 6:50

ತಪ್ಪೇನಲ್ಲ. ಅವತ್ತು ಬೇಕಿರಲಿಲ್ಲ, ತೆಗೆದಿರಿ. ಇವತ್ತು ಬೇಕು, ಹಾಕೋಣ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಹೊಸಬರಿಗೂ ಉಪಯೋಗಕ್ಕೆ ಬರಲಿ. ಕಂಟೈನರ್ ಅನ್ನುವ ಒಂದು ವಸ್ತು ಕರ್ನಲ್‌ನಲ್ಲಿ ಎಲ್ಲೂ ಇಲ್ಲ. ನೀವು ಹುಡುಕಿದರೂ ಆ ಹೆಸರಿನ ಒಂದು ಸ್ವಿಚ್ ಸಿಗುವುದಿಲ್ಲ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಾರಣಕ್ಕೆ ಬಂದ ತುಂಡುಗಳನ್ನು ಜೋಡಿಸಿದರೆ ಅದು ಕಂಟೈನರ್. ಯಾರು ಎಷ್ಟು ಮೆಮೊರಿ, ಎಷ್ಟು ಸಿಪಿಯು ತಿನ್ನಬಹುದು ಅಂತ ಅಳತೆ ಹಾಕುವ ಸಿಗ್ರೂಪ್ ಸೇರಿದ್ದು 2.6.24ರಲ್ಲಿ, 2008ರ ಜನವರಿ. ಒಳಗಿನವನಿಗೆ ತನ್ನ ಪ್ರೋಸೆಸ್, ತನ್ನ ನೆಟ್‌ವರ್ಕ್ ಮಾತ್ರ ಕಾಣುವಂತೆ ಗೋಡೆ ಎಬ್ಬಿಸುವುದು ನೇಮ್‌ಸ್ಪೇಸ್. ಅವೂ ಒಂದೊಂದಾಗಿ ಬಂದವು, ಬಳಕೆದಾರರ ನೇಮ್‌ಸ್ಪೇಸ್ ಪೂರ್ತಿಯಾಗಿದ್ದು 3.8ರಲ್ಲಿ, 2013ಕ್ಕೆ. ಡಾಕರ್ ಹೊರಬಂದದ್ದೂ ಅದೇ ವರ್ಷ. ಕಂಟೈನರ್‌ನ ಅಚ್ಚಾದ ಇಮೇಜಿನ ಪದರಗಳನ್ನು ಒಂದರ ಮೇಲೊಂದು ಹಾಸಿ ಒಂದೇ ಫೋಲ್ಡರ್ ಹಾಗೆ ತೋರಿಸುವ ಓವರ್ಲೇ ಎಫ್ಎಸ್ 3.18ರಲ್ಲಿ, 2014ರ ಡಿಸೆಂಬರ್‌ನಲ್ಲಿ ಸೇರಿತು.

ಈಗ ನಿಮ್ಮ ಪಟ್ಟಿ ನೋಡಿ. ವೀತ್ ಅಂದರೆ ಎರಡು ತುದಿಯ ನೆಟ್‌ವರ್ಕ್ ತಂತಿ ಇದ್ದ ಹಾಗೆ. ಒಂದು ತುದಿ ಕಂಟೈನರ್ ಒಳಗೆ, ಇನ್ನೊಂದು ಹೊರಗೆ. ಹೊರಗಿನ ತುದಿಗಳೆಲ್ಲ ಬಂದು ಚುಚ್ಚಿಕೊಳ್ಳುವ ಜಾಗ ಬ್ರಿಡ್ಜ್. ಒಳಗಿನ ಐಪಿಯನ್ನು ಮರೆಮಾಡಿ ಹೊರಗೆ ನಿಮ್ಮ ಯಂತ್ರದ ಹೆಸರಲ್ಲಿ ಕಳಿಸುವುದು ಮಾಸ್ಕರೇಡ್. ಬ್ರಿಡ್ಜ್ ಅಥವಾ ಮಾಸ್ಕರೇಡ್ ಇಲ್ಲದಿದ್ದರೆ ಡಾಕರ್ ಮಾಮೂಲಿ ಸೆಟ್ಟಿಂಗ್‌ನಲ್ಲಿ ಏಳುವುದಿಲ್ಲ, ವೀತ್ ಇಲ್ಲದಿದ್ದರೆ ಕಂಟೈನರ್ ಏಳುವುದಿಲ್ಲ. ಲಾಗ್ ಹೇಳುತ್ತಿರುವುದೂ ಅದನ್ನೇ.

ಮೇಕ್ ಮೆನುಕಾನ್ಫಿಗ್ (ಕರ್ನಲ್ ಆಯ್ಕೆಗಳ ಮೆನು) ತೆರೆದು, ಓರೆಗೆರೆ ಒತ್ತಿ ಒಂದೊಂದೇ ಹೆಸರು ಹುಡುಕಿ. ಒಂದು ಕಡೆ ತುಂಬಾ ಜನ ಸಿಕ್ಕಿಬೀಳುತ್ತಾರೆ, ನಾನೂ ಬಿದ್ದಿದ್ದೆ. ಬ್ರಿಡ್ಜ್ ನೆಟ್‌ಫಿಲ್ಟರ್ ಮೆನುವಿನಲ್ಲಿ ಕಾಣುವುದೇ ಇಲ್ಲ. ಹುಡುಕಿದರೆ ಹೆಸರು ಸಿಗುತ್ತದೆ, ಅಲ್ಲಿಗೆ ಹೋದರೆ ಸಾಲು ಇರುವುದಿಲ್ಲ. ಯಾಕೆಂದರೆ ನೆಟ್‌ಫಿಲ್ಟರ್ ಮೆನುವಿನಲ್ಲಿ 'ಅಡ್ವಾನ್ಸ್ಡ್' ಅನ್ನುವ ಸಾಲಿಗೆ ಮೊದಲು ಗುರುತು ಹಾಕಬೇಕು. ಹಾಕಿದ ತಕ್ಷಣ ಕೆಳಗೆ ಉದ್ದ ಪಟ್ಟಿ ಬಿಚ್ಚಿಕೊಳ್ಳುತ್ತದೆ. ಹುಡುಕಾಟದ ಫಲಿತಾಂಶದಲ್ಲಿ 'ಡಿಪೆಂಡ್ಸ್ ಆನ್' ಅಂತ ಒಂದು ಸಾಲಿರುತ್ತದೆ. ಅದರಲ್ಲಿ ಯಾವುದರ ಮುಂದೆ 'ಎನ್' ಇದೆಯೋ ಅದು ನಿಮ್ಮನ್ನು ತಡೆದಿದೆ ಅಂತ ಅರ್ಥ.

ಇನ್ನೊಂದು ಮಾತು. 'ಕರ್ನಲ್ ಕಾನ್ಫಿಗ್ ಅನ್ನು ಪ್ರೋಕ್‌ನಲ್ಲಿ ತೋರಿಸು' ಅನ್ನುವ ಆಯ್ಕೆಯನ್ನೂ ಹಾಕಿಕೊಳ್ಳಿ. ಮುಂದೆ ಅದೇ ಕಾಪಾಡುತ್ತದೆ.

ನಾಲೆ ನೀರು, ಪಾಂಡವಪುರ · ಬೆಳಿಗ್ಗೆ 7:15

ಅಕ್ಕ ಹೇಳಿದ್ದು ಪೂರ್ತಿ ದಾರಿ. ಒಂದು ಸುಲಭದ ದಾರಿಯೂ ಇದೆ, ಅದನ್ನೂ ಹೇಳಿಬಿಡುತ್ತೇನೆ. ಜೆಂಟೂ ಕರ್ನಲ್ ಅಂತ ಒಂದು ಪ್ಯಾಕೇಜ್ ಇದೆ. ಅದರ ಸಿದ್ಧ ಕಾನ್ಫಿಗ್‌ನಲ್ಲಿ ಕಂಟೈನರ್‌ಗೆ ಬೇಕಾದದ್ದು ಬಹುತೇಕ ಇರುತ್ತದೆ. ಅಷ್ಟೂ ಕಂಪೈಲ್ ಮಾಡೋಕೆ ಯಂತ್ರಕ್ಕೆ ಶಕ್ತಿ ಇಲ್ಲ ಅಂದರೆ ಅದರ ಬೈನರಿ ರೂಪವೂ ಇದೆ. ನಿಮ್ಮ ಸ್ವಂತದ ಬದಲಾವಣೆ ಏನಾದರೂ ಇದ್ದರೆ /ಎಟ್ಸಿ/ಕರ್ನಲ್/ಕಾನ್ಫಿಗ್.ಡಿ ಒಳಗೆ ಒಂದು ಚಿಕ್ಕ ಫೈಲ್ ಇಟ್ಟರೆ ಕಂಪೈಲ್ ಮಾಡುವ ಪ್ಯಾಕೇಜ್ ಅದನ್ನು ಸೇರಿಸಿಕೊಳ್ಳುತ್ತದೆ.

2023ರ ಡಿಸೆಂಬರ್ ಕೊನೆಯಿಂದ ಜೆಂಟೂದವರೇ ಉಳಿದ ಎಷ್ಟೋ ಪ್ಯಾಕೇಜ್‌ಗಳ ಬೈನರಿ ಕೊಡುತ್ತಿದ್ದಾರೆ. ಗೋ ಅಂಥ ದೊಡ್ಡದನ್ನು 4 ಜಿಬಿ ಯಂತ್ರದಲ್ಲಿ ಕಂಪೈಲ್ ಮಾಡಬೇಕಾಗಿಲ್ಲ. ಮಾಡಲೇಬೇಕು ಅಂದರೆ ಮೇಕ್‌ಆಪ್ಟ್ಸ್‌ನಲ್ಲಿ (ಒಮ್ಮೆಗೆ ಎಷ್ಟು ಕಂಪೈಲ್ ಜಾಬ್ ಅಂತ ಹೇಳುವ ಸೆಟ್ಟಿಂಗ್) ಒಂದು ಜಾಬ್‌ಗೆ 2 ಜಿಬಿ ರ್‍ಯಾಮ್ ಲೆಕ್ಕ ಇಟ್ಟುಕೊಳ್ಳಿ. ನಿಮ್ಮದಕ್ಕೆ ಎರಡು ಜಾಬ್, ಅಷ್ಟೇ. ಜಾಸ್ತಿ ಕೊಟ್ಟರೆ ಸ್ವಾಪ್‌ಗೆ, ಅಂದರೆ ಡಿಸ್ಕ್‌ಗೆ ಹೋಗಿ ಇನ್ನೂ ನಿಧಾನವಾಗುತ್ತದೆ.

ಬೆಲ್ಲದ ಮಂಡಿ, ಮಂಡ್ಯ · ಮಂಗಳವಾರ ರಾತ್ರಿ 9:48

ಅಣ್ಣ, ನಿಮ್ಮ ದಾರಿ ಸುಲಭ, ಆದರೆ ಇಷ್ಟು ದೂರ ಬಂದ ಮೇಲೆ ಅಕ್ಕನ ದಾರಿಯಲ್ಲೇ ಹೋದೆ. ಈಗ ಇನ್ನೂ ಜಾಸ್ತಿ ಗೊಂದಲವಾಗಿದೆ.

ಎಲ್ಲ ಗುರುತು ಹಾಕಿದೆ. ಅಡ್ವಾನ್ಸ್ಡ್ ಸಾಲು ಅಲ್ಲೇ ಇತ್ತು, ಹಾಕಿದ ಮೇಲೆ ಎಲ್ಲ ಸಿಕ್ಕಿತು. ಮೇಕ್, ಮಾಡ್ಯೂಲ್ಸ್ ಇನ್‌ಸ್ಟಾಲ್, ಮೇಕ್ ಇನ್‌ಸ್ಟಾಲ್, ಬೂಟ್ ಮೆನು ಬರೆಯುವ ಗ್ರಬ್ ಕಾನ್ಫಿಗ್, ರೀಬೂಟ್. ಯಾವುದರಲ್ಲೂ ಎರರ್ ಇಲ್ಲ. ಆದರೆ ಡಾಕರ್ ಹಾಗೇ ಬಿದ್ದುಹೋಗುತ್ತದೆ.

ಡಾಕರನ್ನು ಇನ್ನೊಮ್ಮೆ ಎಮರ್ಜ್ ಮಾಡಿ ನೋಡಿದೆ. ಈ ಸಲ ಒಂದೂ ಎಚ್ಚರಿಕೆ ಇಲ್ಲ! ಆದರೆ ಡಾಕರ್ ಜೊತೆ ಬರುವ ಚೆಕ್-ಕಾನ್ಫಿಗ್ ಸ್ಕ್ರಿಪ್ಟ್ ಇದೆಯಲ್ಲ, /ಯುಎಸ್ಆರ್/ಶೇರ್/ಡಾಕರ್/ಕಾಂಟ್ರಿಬ್ ಒಳಗೆ, ಅದನ್ನು ಓಡಿಸಿದರೆ ಕೆಂಪು ಅಕ್ಷರದಲ್ಲಿ ಮೆಮ್‌ಸಿಜಿ ಇಲ್ಲ, ಬ್ರಿಡ್ಜ್ ನೆಟ್‌ಫಿಲ್ಟರ್ ಇಲ್ಲ ಅನ್ನುತ್ತದೆ. ಒಬ್ಬರು ಇದೆ ಅಂತಾರೆ, ಇನ್ನೊಬ್ಬರು ಇಲ್ಲ ಅಂತಾರೆ. ಯಾರನ್ನು ನಂಬಲಿ?

ಹಾಸ್ಟೆಲ್ ರೂಮು 14, ಮೈಸೂರು · ರಾತ್ರಿ 10:02

ಸರ್, ಮಾಡ್ಯೂಲ್ (ಕರ್ನಲ್‌ಗೆ ಬೇಕಾದಾಗ ಸೇರುವ ತುಂಡು) ಲೋಡ್ ಆಗಿಲ್ಲದೇ ಇರಬಹುದಾ? ಮಾಡ್‌ಪ್ರೋಬ್ ಕೊಟ್ಟು ನೋಡಿ.

ಬೆಲ್ಲದ ಮಂಡಿ, ಮಂಡ್ಯ · ರಾತ್ರಿ 10:09

ಕೊಟ್ಟೆ ತಮ್ಮಾ. ವೀತ್ ಲೋಡ್ ಆಯಿತು. ಇನ್ನೊಂದೆರಡು 'ಅನ್‌ನೋನ್ ಸಿಂಬಲ್' ಅಂದು ನಿಂತವು.

ಕುಕ್ಕರಹಳ್ಳಿ ಏರಿ, ಮೈಸೂರು · ರಾತ್ರಿ 10:30

ಆ 'ಅನ್‌ನೋನ್ ಸಿಂಬಲ್' ಅನ್ನುವ ಎರಡು ಪದದಲ್ಲೇ ಉತ್ತರ ಇದೆ.

ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ, ಆದರೆ ಓದುತ್ತಿರುವ ಪುಸ್ತಕ ಬೇರೆ ಬೇರೆ. ಎಮರ್ಜ್ ನೋಡುವುದು /ಯುಎಸ್ಆರ್/ಎಸ್ಆರ್‌ಸಿ/ಲಿನಕ್ಸ್ ಒಳಗಿರುವ ಕಾನ್ಫಿಗ್ ಫೈಲನ್ನು. ಅಂದರೆ ನೀವು ಕಟ್ಟಬೇಕು ಅಂದುಕೊಂಡ ಕರ್ನಲನ್ನು. ಚೆಕ್-ಕಾನ್ಫಿಗ್ ಮೊದಲು ನೋಡುವುದು ಪ್ರೋಕ್ ಒಳಗಿನ ಕಾನ್ಫಿಗನ್ನು. ಅದು ಈ ಗಳಿಗೆಯಲ್ಲಿ ಓಡುತ್ತಿರುವ ಕರ್ನಲ್ ತನ್ನ ಬಗ್ಗೆ ತಾನೇ ಹೇಳುವ ಮಾತು. ನಿಮ್ಮ ಹಳೇ ಕರ್ನಲ್‌ನಲ್ಲೂ ಆ ಆಯ್ಕೆ ಇದ್ದದ್ದು ಒಳ್ಳೆಯದೇ ಆಯಿತು. ಇಲ್ಲದಿದ್ದರೆ ಸ್ಕ್ರಿಪ್ಟ್ ಕೂಡ ಬೇರೆ ಕಡೆ ಹುಡುಕಿ, ಕೊನೆಗೆ ಅದೇ ಸೋರ್ಸ್ ಫೋಲ್ಡರಿಗೆ ಹೋಗಿ, ಎಲ್ಲ ಸರಿ ಇದೆ ಅನ್ನಬಹುದಿತ್ತು. ಆಗ ಇನ್ನೂ ಎರಡು ದಿನ ಸುಮ್ನೆ ಹೋಗುತ್ತಿತ್ತು.

ಹಾಗಾದರೆ ಓಡುತ್ತಿರುವುದು ಹೊಸ ಕರ್ನಲ್ ಅಲ್ಲ. ಮಾಡ್ಯೂಲ್‌ಗಳು ಹೊಸವು, ಒಳಗಿನ ಕರ್ನಲ್ ಹಳೆಯದು, ಅದಕ್ಕೇ ಅವು ಹುಡುಕುವ ಸಿಂಬಲ್ (ಕರ್ನಲ್ ಒಳಗಿನ ಹೆಸರು) ಸಿಗುತ್ತಿಲ್ಲ. ಯುನೇಮ್ ಮೈನಸ್ ಆರ್ ಕೊಟ್ಟರೆ ಇದು ಗೊತ್ತಾಗುವುದಿಲ್ಲ, ಎರಡಕ್ಕೂ ಆವೃತ್ತಿ ಸಂಖ್ಯೆ ಒಂದೇ. ಯುನೇಮ್ ಮೈನಸ್ ವಿ ಕೊಡಿ. ಕಟ್ಟಿದ ದಿನ ಮತ್ತು ಸಮಯ ತೋರಿಸುತ್ತದೆ. ಆಮೇಲೆ ಸುಮ್ಮನೆ ಮೌಂಟ್ ಅಂತ ಕೊಟ್ಟು, ಈಗ ಜೋಡಿಸಿರುವ ಪಾರ್ಟಿಷನ್‌ಗಳ ಆ ಪಟ್ಟಿಯಲ್ಲಿ /ಬೂಟ್ ಇದೆಯಾ ನೋಡಿ.

ಬೆಲ್ಲದ ಮಂಡಿ, ಮಂಡ್ಯ · ರಾತ್ರಿ 10:38

ಅಕ್ಕಾ, ನಾಲ್ಕು ತಿಂಗಳ ಹಿಂದಿನ ತಾರೀಖು ತೋರಿಸುತ್ತಿದೆ. /ಬೂಟ್ ಮೌಂಟ್ ಆಗಿಲ್ಲ. ಎಫ್ಎಸ್‌ಟ್ಯಾಬ್‌ನಲ್ಲಿ 'ನೋಆಟೋ', ಅಂದರೆ ತಾನಾಗಿ ಮೌಂಟ್ ಆಗುವುದು ಬೇಡ ಅಂತ ನಾನೇ ಬರೆದಿದ್ದೇನೆ.

ಕುಕ್ಕರಹಳ್ಳಿ ಏರಿ, ಮೈಸೂರು · ರಾತ್ರಿ 10:52

ಸಿಕ್ಕಿತು. ಮೌಂಟ್ ಆಗದಿದ್ದರೂ /ಬೂಟ್ ಅನ್ನುವ ಫೋಲ್ಡರ್ ರೂಟ್‌ನಲ್ಲಿ ಇದ್ದೇ ಇರುತ್ತದೆ. ಮೇಕ್ ಇನ್‌ಸ್ಟಾಲ್ ಹೊಸ ಕರ್ನಲನ್ನು ಅದರೊಳಗೆ ಹಾಕಿ, ಕೆಲಸ ಆಯಿತು ಅಂದಿದೆ. ಗ್ರಬ್ ಕಾನ್ಫಿಗ್ ಕೂಡ ಅಲ್ಲೇ ಬರೆದಿದೆ. ಯಂತ್ರ ಏಳುವಾಗ ಮಾತ್ರ ನಿಜವಾದ ಬೂಟ್ ಪಾರ್ಟಿಷನ್‌ನಿಂದ ಹಳೆಯದನ್ನೇ ಎತ್ತಿಕೊಂಡಿದೆ.

ಈಗ ನಿಧಾನವಾಗಿ ಮಾಡಿ. ಮೊದಲು ಆ ತಪ್ಪು ಜಾಗದಲ್ಲಿ ಬಿದ್ದಿರುವ ಫೈಲ್‌ಗಳನ್ನು ಬೇರೆ ಕಡೆ ಸರಿಸಿ, ಇಲ್ಲದಿದ್ದರೆ ಮೌಂಟ್ ಆದ ಮೇಲೆ ಅವು ಕೆಳಗೆ ಮುಚ್ಚಿಹೋಗಿ ಜಾಗ ತಿನ್ನುತ್ತಾ ಕೂತಿರುತ್ತವೆ. ಆಮೇಲೆ /ಬೂಟ್ ಮೌಂಟ್ ಮಾಡಿ. ಒಳಗೆ ಹಳೇ ಕರ್ನಲ್, ಗ್ರಬ್ ಫೋಲ್ಡರ್ ಕಾಣಬೇಕು. ಕಂಡ ಮೇಲೆ ಮೇಕ್ ಇನ್‌ಸ್ಟಾಲ್, ಗ್ರಬ್ ಕಾನ್ಫಿಗ್. ಮತ್ತೆ ಕಂಪೈಲ್ ಬೇಕಾಗಿಲ್ಲ. ಹಳೇ ಕರ್ನಲ್‌ನ ಒಂದು ಪ್ರತಿ ಬೇರೆ ಹೆಸರಲ್ಲಿ ಅಲ್ಲೇ ಇರಲಿ, ಹೊಸದು ಏಳದಿದ್ದರೆ ಅದೇ ಆಸರೆ.

ಬೆಲ್ಲದ ಮಂಡಿ, ಮಂಡ್ಯ · ರಾತ್ರಿ 11:26

ಎದ್ದಿತು!

ಯುನೇಮ್ ಇವತ್ತಿನ ತಾರೀಖು ತೋರಿಸಿತು. ಚೆಕ್-ಕಾನ್ಫಿಗ್‌ನಲ್ಲಿ ಬೇಕಾದದ್ದೆಲ್ಲ ಹಸಿರು. ಡಾಕರ್ ಶುರುವಾಗಿ ನಿಂತಿದೆ, ಹಲೋ ವರ್ಲ್ಡ್ ಬಂತು. ಡಾಕರ್ ಇನ್ಫೋದಲ್ಲಿ ಓವರ್ಲೇ2, ಸಿಗ್ರೂಪ್ ಆವೃತ್ತಿ 2 ಅಂತಿದೆ. ಅಪ್ಪ ಎದ್ದು ಬಂದು ಯಾಕೋ ಇನ್ನೂ ಮಲಗಿಲ್ಲ ಅಂದರು, ಅವರಿಗೂ ತೋರಿಸಿದೆ.

ಅಕ್ಕಾ, ನಿಮ್ಮ ಉಪಕಾರ ಮರೆಯಲ್ಲ.

ಹಾಸ್ಟೆಲ್ ರೂಮು 14, ಮೈಸೂರು · ಬುಧವಾರ ಬೆಳಿಗ್ಗೆ 8:12

ಅಭಿನಂದನೆ ಸರ್. ನಾನೂ ಇದನ್ನೇ ನೋಡಿಕೊಂಡು ನನ್ನ ಲ್ಯಾಪ್‌ಟಾಪ್‌ನಲ್ಲಿ ರಾತ್ರಿ ಡಾಕರ್ ಹಾಕಿದೆ. ಒಂದೇ ಸಲಕ್ಕೆ ಎದ್ದಿತು. ಆದರೆ ಆಗಿನಿಂದ ಕಾಲೇಜಿನ ಒಳಗಿನ ಸರ್ವರ್ ತೆರೆಯುತ್ತಿಲ್ಲ. ಹೊರಗಿನ ಇಂಟರ್ನೆಟ್ ಸರಿ ಇದೆ. ಡಾಕರ್ ನಿಲ್ಲಿಸಿದರೂ ಅಷ್ಟೇ, ರೀಬೂಟ್ ಮಾಡಿ ಡಾಕರ್ ಶುರು ಮಾಡದೇ ಬಿಟ್ಟರೆ ಮಾತ್ರ ಸರಿಹೋಗುತ್ತದೆ. ಇದಕ್ಕೂ ಕರ್ನಲ್‌ಗೂ ಸಂಬಂಧ ಇದೆಯಾ?

ನಾಲೆ ನೀರು, ಪಾಂಡವಪುರ · ಬೆಳಿಗ್ಗೆ 8:40

ಆ ಸರ್ವರ್‌ನ ಐಪಿ 172.17 ಅಂತ ಶುರುವಾಗುತ್ತಾ, ನೋಡು ತಮ್ಮಾ.

ಹಾಸ್ಟೆಲ್ ರೂಮು 14, ಮೈಸೂರು · ಬೆಳಿಗ್ಗೆ 8:43

ಹೌದು ಅಣ್ಣ! ಹೇಗೆ ಗೊತ್ತಾಯಿತು?

ನಾಲೆ ನೀರು, ಪಾಂಡವಪುರ · ಬೆಳಿಗ್ಗೆ 9:05

ನನಗೂ ಒಂದು ಕಡೆ ಇದೇ ಆಗಿತ್ತು. ಡಾಕರ್ ತನ್ನ ಬ್ರಿಡ್ಜ್‌ಗೆ ಸಾಮಾನ್ಯವಾಗಿ 172.17.0.0/16 ಇಟ್ಟುಕೊಳ್ಳುತ್ತದೆ. ಆ ಸಾಲಿನ ಯಾವ ಐಪಿಗೆ ಹೋಗಬೇಕಾದರೂ ನಿನ್ನ ಯಂತ್ರ ಈಗ ಹೊರಗೆ ಕಳಿಸುವುದಿಲ್ಲ, ಒಳಗಿನ ಬ್ರಿಡ್ಜ್‌ಗೇ ಕಳಿಸುತ್ತದೆ. ಸರ್ವಿಸ್ ನಿಲ್ಲಿಸಿದರೂ ಬ್ರಿಡ್ಜ್ ಉಳಿದಿರುತ್ತದೆ, ಅದಕ್ಕೇ ನಿಲ್ಲಿಸಿದ ಮೇಲೂ ಸರಿಹೋಗಲಿಲ್ಲ. /ಎಟ್ಸಿ/ಡಾಕರ್ ಒಳಗೆ ಡೀಮನ್ ಜೇಸನ್ ಫೈಲ್ ಮಾಡಿ, ಬಿಐಪಿ ಅನ್ನುವ ಹೆಸರಿಗೆ ಕಾಲೇಜಿನಲ್ಲಿ ಬಳಸದ ಒಂದು ಸಾಲು ಕೊಡು. 10.200.0.1/24 ಅಂಥದ್ದು. ಡಾಕರ್ ನಿಲ್ಲಿಸಿ, ಮತ್ತೆ ಶುರು ಮಾಡು. ಅಲ್ಲಿ ಯಾವ ಸಾಲು ಖಾಲಿ ಇದೆ ಅಂತ ಲ್ಯಾಬಿನವರನ್ನು ಒಂದು ಮಾತು ಕೇಳು.

ಬೆಲ್ಲದ ಮಂಡಿಯವರೇ, ನಿಮಗೂ ಒಂದು ಮಾತು. ಇದನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಪಿಎಚ್‌ಪಿ 7.4ಕ್ಕೆ 2022ರ ನವೆಂಬರ್‌ಗೇ ಬೆಂಬಲ ನಿಂತಿದೆ. ಕಂಟೈನರ್ ಒಳಗೆ ಇಟ್ಟರೂ ಅದರ ತೂತುಗಳು ತೂತುಗಳೇ. ಡಾಕರ್ ಪೋರ್ಟ್ ತೆರೆದಾಗ ತನ್ನದೇ ಐಪಿಟೇಬಲ್ಸ್ ನಿಯಮ ಹಾಕುತ್ತದೆ. ಹೊರಗಿನಿಂದ ಬಂದದ್ದು ನಿಮ್ಮ ಇನ್‌ಪುಟ್ ಸರಪಳಿಯ ತಡೆಯನ್ನು ಮುಟ್ಟದೆ ನೇರ ಕಂಟೈನರ್‌ಗೆ ಹೋಗುತ್ತದೆ. ಫೈರ್‌ವಾಲ್ ಇದೆ ಅಂತ ನೀವು ನಿಶ್ಚಿಂತೆಯಿಂದ ಇರುತ್ತೀರಿ, ಬಾಗಿಲು ತೆರೆದೇ ಇರುತ್ತದೆ. ಅದಕ್ಕೇ ಬರೀ 8080 ಅಂತ ಕೊಡಬೇಡಿ. ಒಂದೇ ಕಂಪ್ಯೂಟರ್‌ನಲ್ಲಿ ಬಳಸುವುದಾದರೆ 127.0.0.1 ಸೇರಿಸಿ ಕೊಡಿ. ಕೌಂಟರ್‌ನ ಇನ್ನೊಂದು ಯಂತ್ರಕ್ಕೂ ಬೇಕಾದರೆ ಅಂಗಡಿ ಒಳಗಿನ ಐಪಿ ಕೊಡಿ. ರೌಟರ್‌ನಲ್ಲಿ ಆ ಪೋರ್ಟನ್ನು ಹೊರಗೆ ಬಿಡಲೇಬೇಡಿ.

ಡಾಕರ್ ಗುಂಪಿಗೆ ಎಲ್ಲರನ್ನೂ ಸೇರಿಸಬೇಡಿ. ಆ ಗುಂಪಿನವರು ಇಡೀ ಯಂತ್ರವನ್ನು ಕಂಟೈನರ್ ಒಳಗೆ ಮೌಂಟ್ ಮಾಡಿಕೊಂಡು ಏನು ಬೇಕಾದರೂ ಬದಲಿಸಬಹುದು, ರೂಟ್ ಪಾಸ್‌ವರ್ಡ್ ಕೊಟ್ಟ ಹಾಗೇ. ಈ ಕಾರಣಕ್ಕೇ ನಾನು ಡಾಕರ್ ತರಹದ್ದೇ ಆದ ಪೊಡ್‌ಮನ್ ಬಳಸುತ್ತೇನೆ. ಅದಕ್ಕೆ ಹಿಂದೆ ಕೂತ ಡೀಮನ್ ಇಲ್ಲ, ರೂಟ್ ಇಲ್ಲದೆಯೂ ಓಡುತ್ತದೆ. ಆದರೆ ಹಾಗೆ ಓಡಿಸಲು ಬಳಕೆದಾರರ ನೇಮ್‌ಸ್ಪೇಸ್ ಕರ್ನಲ್‌ನಲ್ಲಿ ಇರಲೇಬೇಕು, ಸಬ್‌ಯುಐಡಿ ಸಬ್‌ಜಿಐಡಿ ಫೈಲ್‌ಗಳೂ ತುಂಬಿರಬೇಕು. ನಿಮ್ಮದು ಈಗಷ್ಟೇ ಎದ್ದು ನಿಂತಿದೆ, ತಕ್ಷಣ ಬದಲಿಸಿ ಅನ್ನಲ್ಲ.

ಒಂಟಿಕೊಪ್ಪಲ್, ಮೈಸೂರು · ಬೆಳಿಗ್ಗೆ 9:30

ಡೆಬಿಯನ್ ಹಾಕಿ ಅಂದವನು ನಾನೇ. ಪೂರ್ತಿ ಓದಿದೆ. ಡಾಕರ್ ಆರು ವರ್ಷದಿಂದ ಬಳಸುತ್ತಿದ್ದೇನೆ, ವೀತ್ ಅಂದರೇನು ಅಂತ ಇವತ್ತೇ ಸರಿಯಾಗಿ ಗೊತ್ತಾಗಿದ್ದು. ಡೇಟಾಬೇಸ್ ಎಲ್ಲಿಟ್ಟಿದ್ದೀರಿ ಸರ್? ಕಂಟೈನರ್ ಒಳಗೇ ಬಿಟ್ಟರೆ, ಕಂಟೈನರ್ ತೆಗೆದ ದಿನ ಲೆಕ್ಕವೂ ಹೋಗುತ್ತದೆ. ವಾಲ್ಯೂಮ್ ಮಾಡಿ ಹೊರಗಿಡಿ. ಪಟ್ಟಿ ಕೊಡುವ ವ್ಯವಹಾರ, ಅದೊಂದನ್ನು ಮರೆಯಬೇಡಿ.

ಬೆಲ್ಲದ ಮಂಡಿ, ಮಂಡ್ಯ · ಗುರುವಾರ ಸಂಜೆ 7:15

ಎಲ್ಲರ ಮಾತಿನಂತೆ ಮಾಡಿದ್ದೇನೆ.

ಪಿಎಚ್‌ಪಿ 7.4 ಅಪಾಚೆ ಇಮೇಜ್ ತಂದೆ. ಮೊದಲು ಬಿಳಿ ಪುಟ ಬಂತು. ನೋಡಿದರೆ ಆ ಇಮೇಜ್‌ನಲ್ಲಿ ಮೈಎಸ್‌ಕ್ಯುಎಲ್‌ಐ (ಪಿಎಚ್‌ಪಿಯನ್ನು ಡೇಟಾಬೇಸ್‌ಗೆ ಜೋಡಿಸುವ ಭಾಗ) ಇರುವುದಿಲ್ಲ. ಡಾಕರ್‌ಫೈಲ್‌ನಲ್ಲಿ ಅದನ್ನು ಹಾಕುವ ಒಂದು ಸಾಲು ಸೇರಿಸಿ ಮತ್ತೆ ಕಟ್ಟಿದೆ. ಡೇಟಾಬೇಸ್ ಮರಿಯಾಡಿಬಿ ಬೇರೆ ಕಂಟೈನರ್, ಅದರ ಡೇಟಾ ಹೊರಗಿನ ವಾಲ್ಯೂಮ್‌ನಲ್ಲಿ. ಪ್ರತಿ ರಾತ್ರಿ ಒಂದು ಡಂಪ್ (ಡೇಟಾದ ಪ್ರತಿ) ತೆಗೆದು ಪೆನ್‌ಡ್ರೈವ್‌ಗೆ ಹಾಕಲು ಕ್ರಾನ್ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವುದು) ಇಟ್ಟಿದ್ದೇನೆ. ಪೋರ್ಟ್ ಅಂಗಡಿಯ ಐಪಿಗೆ ಮಾತ್ರ. ಡಾಕರ್ ಗುಂಪಿನಲ್ಲಿ ನಾನೊಬ್ಬನೇ.

ಇವತ್ತು ಬೆಳಿಗ್ಗೆ ಹನ್ನೊಂದಕ್ಕೆ ಮೊದಲ ಪಟ್ಟಿ ಪ್ರಿಂಟ್ ಆಯಿತು. ಅಚ್ಚು ಬೆಲ್ಲ, ಕೆರಗೋಡು ಕಡೆಯ ರೈತರು. ಅವರು ಕನ್ನಡಕ ಹಾಕಿಕೊಂಡು ತೂಕ, ಹಮಾಲಿ, ಒಟ್ಟು ಎಲ್ಲ ಒಂದೊಂದಾಗಿ ಓದಿ, ಸರಿಯಾಗಿದೆ ಅಂತ ಮಡಚಿ ಜೇಬಿಗೆ ಹಾಕಿಕೊಂಡರು. ಮಧ್ಯಾಹ್ನ ಕರೆಂಟ್ ಹೋಗಿ ಬಂತು. ಡಾಕರ್ ಡೀಫಾಲ್ಟ್ ರನ್‌ಲೆವೆಲ್‌ನಲ್ಲಿದೆ, ಕಂಟೈನರ್‌ಗಳಿಗೆ 'ಅನ್‌ಲೆಸ್ ಸ್ಟಾಪ್ಡ್' ಕೊಟ್ಟಿದ್ದೆ. ಎರಡೂ ತಾವೇ ಎದ್ದವು.

ಒಂದೇ ಒಂದು ಪ್ರಶ್ನೆ ಉಳಿದಿದೆ ಅಕ್ಕಾ. ಮುಂದಿನ ಸಲ ಹೊಸ ಕರ್ನಲ್ ಬಂದಾಗ ಈ ಗುರುತುಗಳನ್ನೆಲ್ಲ ಮತ್ತೆ ಹಾಕಬೇಕಾ?

ಕುಕ್ಕರಹಳ್ಳಿ ಏರಿ, ಮೈಸೂರು · ರಾತ್ರಿ 8:20

ಬೇಕಾಗಿಲ್ಲ. ಪ್ರೋಕ್‌ನ ಕಾನ್ಫಿಗ್ ಗಂಟು ಕಟ್ಟಿದ ಫೈಲು, ಜಡ್‌ಕ್ಯಾಟ್‌ನಿಂದ ಬಿಚ್ಚಿ ಹೊಸ ಸೋರ್ಸ್ ಫೋಲ್ಡರಿಗೆ ಡಾಟ್ ಕಾನ್ಫಿಗ್ ಅನ್ನುವ ಹೆಸರಲ್ಲಿ ಹಾಕಿ. ಆಮೇಲೆ ಮೇಕ್ ಓಲ್ಡ್‌ಕಾನ್ಫಿಗ್ ಕೊಡಿ. ಹೊಸದಾಗಿ ಸೇರಿದ್ದನ್ನು ಮಾತ್ರ ಕೇಳುತ್ತದೆ. ಕೆಲವು ಸಲ ಆಯ್ಕೆಗಳ ಹೆಸರು ಬದಲಾಗಿರುತ್ತದೆ, ಹಾಗಾಗಿ ರೀಬೂಟ್ ಆದ ಮೇಲೆ ಚೆಕ್-ಕಾನ್ಫಿಗ್ ಇನ್ನೊಮ್ಮೆ ಓಡಿಸಿ. ಈ ಕೆಲಸ ಅಂಗಡಿ ರಜಾ ಇರುವ ದಿನ ಮಾಡಿ.

ಶುರು ಮಾಡುವ ಮುಂಚೆ /ಬೂಟ್ ಮೌಂಟ್ ಮಾಡಿ.